ಬಂಡಿಯ ತಿನಿಸೂ ಮನೆಯ ರೊಟ್ಟಿಯೂ

(ಗ್ರಾಮಗಳಲ್ಲಿ ಕೂಡಿ ಓದುವದಕ್ಕಾಗಿ ಒಂದು ಪಾಠ)



ಅಫಜಲಪುರ ತಾಲೂಕಿನ ಘತ್ತರಗಿಯು ಭೀಮಾ ನದಿಯ ದಡದಲ್ಲಿರುವ ಊರೆಂಬದನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಅಮಾವಾಸ್ಯೆಯ ದಿನಗಳಲ್ಲಿ ಅಲ್ಲಿಯ ಭಾಗ್ಯವಂತಿ ದೇವಿಯ ಗುಡಿಗೆ ಈ ಜಿಲ್ಲೆಯವರು ಮಾತ್ರವಲ್ಲದೆ ಮಹಾರಾಷ್ಟ್ರದ ಕಡೆಯವರೂ ಗುಂಪುಗುಂಪಾಗಿ ಬರುತ್ತಾರೆ. ನಮ್ಮ ಬಾಲ್ಯದಲ್ಲಿ ಇಂಥ ದಿನ ಹಾದಿಯ ಎರಡೂ ಬದಿಯಲ್ಲಿ ಚುರುಮುರಿ, ಪುಠಾಣಿ, ಬೆಂಡು ಬತ್ತಾಸು, ಮಿರ್ಚಿ ಭಜಿ ಇವುಗಳ ಅಂಗಡಿಗಳೇ ಇರುತ್ತಿದ್ದವು. ದೂರದಿಂದ ಬಂದವರು ಮರದ ನೆರಳಿನಲ್ಲಿ ಕೂತು ಬುತ್ತಿ ಬಿಚ್ಚಿ, ಕಡಕ್ ರೊಟ್ಟಿಯನ್ನೂ ಶೇಂಗಾ ಹಿಂಡಿಯನ್ನೂ ತಿಂದು, ನೀರು ಕುಡಿದು ಊರಿನ ಹಾದಿ ಹಿಡಿಯುತ್ತಿದ್ದರು. ಈಗ ಆ ಸ್ಥಳದಲ್ಲಿ ಗ್ಯಾಸಿನ ಒಲೆ ಇಟ್ಟುಕೊಂಡ ತಳ್ಳುಬಂಡಿಗಳು ಸಾಲಾಗಿ ನಿಂತಿರುತ್ತವೆ. ಅವುಗಳ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ಫಾಸ್ಟ್ ಫುಡ್’ ಎಂದು ಬರೆದಿರುತ್ತದೆ. ಗೋಬಿ ಮಂಚೂರಿ, ಎಗ್ ರೈಸ್, ನೂಡಲ್ಸ್ ಎಂಬ ಹೆಸರುಗಳು ಅದರ ಕೆಳಗೆ.

ಕೆಲವು ಕಾಲದ ಹಿಂದೆ ನಾವು ಅಂಥದೊಂದು ದಿನ ಆ ಹಾದಿಯಲ್ಲಿ ನಡೆದು ಬರುತ್ತಿರಲಾಗಿ, ಎಂಟು ವರುಷದ ಹುಡುಗನೊಬ್ಬನು ಬಂಡಿಯ ಬಳಿಯಲ್ಲಿ ನಿಂತು ತಿನ್ನುತ್ತಿರುವದನ್ನು ಕಂಡೆವು. ಅವನ ತುಟಿಯೂ ಬೆರಳುಗಳೂ ಕುಂಕುಮದ ಹಾಗೆ ಕೆಂಪಾಗಿದ್ದವು. ಅವನ ತಾಯಿಯು ಬಿಚ್ಚದೆ ಉಳಿದ ಬುತ್ತಿಯ ಗಂಟನ್ನು ಕಂಕುಳಲ್ಲಿ ಹಿಡಿದುಕೊಂಡು, "ಏನ್ ಮಾಡಬೇಕ್ರೀ ಅಣ್ಣಾರೆ, ಕಟ್ಕೊಂಡು ಬಂದಿದ್ ರೊಟ್ಟಿ ಹಂಗೇ ಅದ. ಹುಡುಗ ಒಲ್ಲೆ ಅಂತಾನ" ಎಂದಳು. ಆ ಮಾತು ನಮ್ಮ ಮನಸ್ಸಿನಿಂದ ಹೋಗಲಿಲ್ಲ. ಆದಕಾರಣ ಈ ತಿನಿಸು ಎಲ್ಲಿಂದ ಬಂತು, ಅದರೊಳಗೆ ಏನಿರುತ್ತದೆ, ನಮ್ಮ ಮನೆಗೂ ಹೊಲಕ್ಕೂ ಅದು ಏನು ಮಾಡುತ್ತಲಿದೆ ಎಂಬದನ್ನು ಕ್ರಮವಾಗಿ ವಿಚಾರಿಸೋಣ.

೧. ಇದರ ಹುಟ್ಟು

ಬೇಗನೆ ಬೇಯಿಸಿ ಕೊಡುವದು ಹೊಸ ಸಂಗತಿಯಲ್ಲ. ಸಂತೆಯ ಭಜಿಯೂ ಬೇಗನೆ ಬೇಯುತ್ತದೆ. ಹೊಸದೇನಂದರೆ, ಅಡಿಗೆಯ ಮನೆಯನ್ನು ಕಾರಖಾನೆಯನ್ನಾಗಿ ಮಾಡಿದ್ದು. ಇದು ಅಮೇರಿಕದಲ್ಲಿ ನಡೆಯಿತು. ೧೯೨೧ರಲ್ಲಿ ಕ್ಯಾನ್ಸಸ್ ಪ್ರಾಂತದ ವಿಚಿಟಾ ಎಂಬ ಪಟ್ಟಣದಲ್ಲಿ ವೈಟ್ ಕ್ಯಾಸಲ್ ಎಂಬ ಅಂಗಡಿ ಹುಟ್ಟಿತು. ೧೯೪೦ರಲ್ಲಿ ಮೆಕ್‌ಡೊನಾಲ್ಡ್ ಎಂಬ ಮನೆತನದ ಇಬ್ಬರು ಸಹೋದರರು ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೋದಲ್ಲಿ ಒಂದು ಅಂಗಡಿ ತೆರೆದರು. ೧೯೪೮ರಲ್ಲಿ ಅವರು ಅದನ್ನು ಕೆಲವು ಕಾಲ ಮುಚ್ಚಿ, ಎಲ್ಲವನ್ನೂ ಹೊಸ ರೀತಿಯಿಂದ ಏರ್ಪಡಿಸಿದರು. ಹೇಗೆಂದರೆ, ತಿನಿಸುಗಳ ಪಟ್ಟಿಯನ್ನು ಕಡಿಮೆ ಮಾಡಿದರು. ತಟ್ಟೆ ಚಮಚಗಳನ್ನು ತೆಗೆದುಬಿಟ್ಟು ಕಾಗದದಲ್ಲಿ ಸುತ್ತಿ ಕೊಟ್ಟರು. ಒಬ್ಬನು ಸುಡುವದು, ಒಬ್ಬನು ತುಂಬುವದು, ಒಬ್ಬನು ಸುತ್ತುವದು ಎಂದು ಕೆಲಸವನ್ನು ಹಂಚಿದರು. ಮೋಟಾರು ಗಾಡಿಗಳನ್ನು ಕಟ್ಟುವ ಕಾರಖಾನೆಯಲ್ಲಿ ನಡೆಯುವ ಪದ್ಧತಿಯೇ ಇದು.

ರೇ ಕ್ರಾಕ್ ಎಂಬವನು ಹಾಲಿನ ಪಾನಕ ಕಲಸುವ ಯಂತ್ರಗಳನ್ನು ಮಾರುವವನಾಗಿದ್ದನು. ಅವನು ಈ ಏರ್ಪಾಡನ್ನು ಕಂಡು ಬೆರಗಾಗಿ, ೧೯೫೫ರಲ್ಲಿ ಅದೇ ಹೆಸರಿನ ತನ್ನ ಮೊದಲನೆಯ ಅಂಗಡಿಯನ್ನು ತೆರೆದನು. ೧೯೬೧ರಲ್ಲಿ ೨೭ ಲಕ್ಷ ಡಾಲರುಗಳನ್ನು ಕೊಟ್ಟು ಸಹೋದರರಿಂದ ಎಲ್ಲವನ್ನೂ ಕೊಂಡುಕೊಂಡನು. ಅಲ್ಲಿಂದ ಅದು ಲೋಕದ ನಾನಾ ದೇಶಗಳಿಗೆ ಹರಡಿತು.

ಇಲ್ಲಿ ಒಂದು ವಿಷಯವನ್ನು ಗಮನಿಸತಕ್ಕದ್ದು. ಇಂಥ ಅಡಿಗೆಮನೆಯಲ್ಲಿ ಕೈಗುಣವೆಂಬದು ಬೇಕಾಗಿಲ್ಲ. ಕೈಗುಣ ಬೇಡವಾದ ಮೇಲೆ ಕೆಲಸದವನ ಬೆಲೆಯೂ ತಗ್ಗುತ್ತದೆ. ಇಂದು ಒಬ್ಬನು ಹೋದರೆ ನಾಳೆ ಮತ್ತೊಬ್ಬನನ್ನು ನಿಲ್ಲಿಸಬಹುದು. ಎಲ್ಲಾ ಊರುಗಳಲ್ಲಿ ಒಂದೇ ರುಚಿ ಇರಬೇಕಾದದರಿಂದ, ಬೆಳೆಯುವವನೂ ಒಂದೇ ತರದ ಆಲೂಗಡ್ಡೆ, ಒಂದೇ ತರದ ಕೋಳಿಯನ್ನು ಬೆಳೆಯಬೇಕಾಗುತ್ತದೆ. ೧೯೮೬ರಲ್ಲಿ ಇಟಲಿಯ ರೋಮ್ ಪಟ್ಟಣದ ಒಂದು ಹಳೇ ಚೌಕದಲ್ಲಿ ಮೆಕ್‌ಡೊನಾಲ್ಡ್ ಅಂಗಡಿ ಬಂದಾಗ ಜನರು ಅದನ್ನು ಪ್ರತಿಭಟಿಸಿದರು. ಕಾರ್ಲೋ ಪೆಟ್ರೀನಿ ಎಂಬವರ ನಾಯಕತ್ವದಲ್ಲಿ ‘ಸ್ಲೋ ಫುಡ್’, ಅಂದರೆ ನಿಧಾನದ ಊಟ, ಎಂಬ ಚಳವಳಿಯು ಅದರಿಂದ ಹುಟ್ಟಿತು. ಅದನ್ನು ಆರಂಭಿಸಿದವರು ತಮ್ಮ ಊರಿನ ಅಡಿಗೆಯ ಮೇಲೆ ಪ್ರೀತಿಯಿದ್ದವರು.

೨. ನಮ್ಮ ನಾಡಿಗೆ ಬಂದ ಬಗೆ

ನಮ್ಮ ಕನ್ನಡ ನಾಡಿನಲ್ಲಿ ಅವಸರದವನಿಗೆ ಊಟವಿಲ್ಲದೆ ಇರಲಿಲ್ಲ. ಉಡುಪಿಯವರ ಹೋಟೆಲುಗಳು ದೇಶದ ಅನೇಕ ಪಟ್ಟಣಗಳಲ್ಲಿ ಹೆಸರಾದವು. ೧೯೮೦ರ ದಶಕದಲ್ಲಿ ಬೆಂಗಳೂರಿನಲ್ಲಿ ದರ್ಶಿನಿಗಳು ಹುಟ್ಟಿ, ನಿಂತುಕೊಂಡೇ ಇಡ್ಲಿ ತಿಂದು ಹೋಗುವ ಪದ್ಧತಿ ಬಂತು. ನಮ್ಮ ಕಲಬುರಗಿಯ ಕಡೆಯಲ್ಲಿ ಖಾನಾವಳಿಗಳುಂಟು. ಅಲ್ಲಿ ಕೂತ ಕೂಡಲೇ ರೊಟ್ಟಿ, ಪಲ್ಯ, ಬೇಳೆ ಎಲೆಗೆ ಬರುತ್ತವೆ.

ಪರದೇಶದ ಕಂಪನಿಗಳು ಬಂದದ್ದು ೧೯೯೧ರ ಆರ್ಥಿಕ ಬದಲಾವಣೆಗಳ ತರುವಾಯ. ೧೯೯೫ರ ಜೂನ್ ತಿಂಗಳಿನಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಂಟಕಿ ಫ್ರೈಡ್ ಚಿಕನ್ ಎಂಬ ಅಂಗಡಿ ತೆರೆಯಿತು. ಪ್ರೊಫೆಸರ್ ಎಂ. ಡಿ. ನಂಜುಂಡಸ್ವಾಮಿಯವರ ಕರ್ನಾಟಕ ರಾಜ್ಯ ರೈತ ಸಂಘವು ಅದನ್ನು ಬಲವಾಗಿ ವಿರೋಧಿಸಿತು. ಅದೇ ವರುಷ ನಗರ ಪಾಲಿಕೆಯು, ಆ ತಿನಿಸಿನಲ್ಲಿ ರುಚಿಯ ಉಪ್ಪು ಕಾನೂನಿನ ಮಿತಿಗಿಂತ ಹೆಚ್ಚಾಗಿದೆಯೆಂದು ಹೇಳಿ ಪರವಾನಗಿಯನ್ನು ರದ್ದುಮಾಡಿತು. ಆದರೆ ಕಂಪನಿಯು ನ್ಯಾಯಾಲಯಕ್ಕೆ ಹೋಗಿ ಅಂಗಡಿಯನ್ನು ಮುಂದುವರಿಸಿತು. ೧೯೯೬ರ ಜನವರಿ ೩೦ರಂದು ರೈತ ಸಂಘದವರು ಒಳಹೊಕ್ಕು ಅಂಗಡಿಯನ್ನು ಒಡೆದರು. ಒಡೆಯುವದನ್ನು ನಾವು ಮೆಚ್ಚುವದಿಲ್ಲ. ಆದಾಗ್ಯೂ ಅವರು ಕೇಳಿದ ಪ್ರಶ್ನೆಯು ಚಿಲ್ಲರೆಯದಾಗಿರಲಿಲ್ಲ: ಜನರು ಏನು ತಿನ್ನಬೇಕು, ರೈತನು ಏನು ಬೆಳೆಯಬೇಕು ಎಂಬದನ್ನು ಯಾರು ಗೊತ್ತುಮಾಡುವರು? ೧೯೯೬ರ ಅಕ್ಟೋಬರದಲ್ಲಿ ಮೆಕ್‌ಡೊನಾಲ್ಡ್ ಕಂಪನಿಯು ದಿಲ್ಲಿಯಲ್ಲಿ ಅಂಗಡಿ ತೆರೆಯಿತು. ಇಲ್ಲಿಯವರ ಮನಸ್ಸನ್ನು ತಿಳಿದು ದನದ ಮಾಂಸವನ್ನೂ ಹಂದಿಯ ಮಾಂಸವನ್ನೂ ಬಿಟ್ಟು, ಆಲೂಗಡ್ಡೆಯ ತಿನಿಸನ್ನು ಮಾರಿತು.

ಆದರೆ ಘತ್ತರಗಿಯ ಹಾದಿಗೆ ಬಂದದ್ದು ಆ ಕಂಪನಿಗಳಲ್ಲ. ಇಲ್ಲಿಗೆ ಬಂದದ್ದು ಮಂಚೂರಿ. ಚೀನಾ ದೇಶದ ಮಂಚೂರಿಯ ಪ್ರಾಂತದಲ್ಲಿ ಇಂಥ ತಿನಿಸಿಲ್ಲ. ಕಲ್ಕತ್ತೆಯಲ್ಲಿ ಹುಟ್ಟಿದ ಚೀನೀ ಮನೆತನದ ನೆಲ್ಸನ್ ವಾಂಗ್ ಎಂಬವರು ೧೯೭೫ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನಲ್ಲಿ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿಗೆ ಸೋಯಾ ರಸವನ್ನು ಕೂಡಿಸಿ ಕೋಳಿಯ ತಿನಿಸೊಂದನ್ನು ಮಾಡಿದರೆಂದು ಹೇಳುತ್ತಾರೆ. ಕೋಳಿಯ ಸ್ಥಳಕ್ಕೆ ಹೂಕೋಸು ಬಂದಾಗ ಅದು ಗೋಬಿ ಮಂಚೂರಿಯಾಯಿತು. ಇದಲ್ಲದೆ ೧೯೮೩ರಲ್ಲಿ ಭಾರತಕ್ಕೆ ಬಂದ ಮ್ಯಾಗಿ ಎಂಬ ಶಾವಿಗೆಯ ಪಾಕೀಟು ಈಗ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ತೂಗುತ್ತದೆ.

೩. ಬಣ್ಣ, ಎಣ್ಣೆ, ಹಿಟ್ಟು

ಆ ಹುಡುಗನ ತುಟಿಯ ಕೆಂಪು ಎಲ್ಲಿಂದ ಬಂತು? ೨೦೨೪ರಲ್ಲಿ ಕರ್ನಾಟಕ ಸರಕಾರವು ರಾಜ್ಯದ ನಾನಾ ಕಡೆಗಳಿಂದ ಗೋಬಿ ಮಂಚೂರಿಯ ೧೭೧ ಮಾದರಿಗಳನ್ನು ತರಿಸಿ ಪರೀಕ್ಷಿಸಿತು. ಅವುಗಳಲ್ಲಿ ೧೦೭ರೊಳಗೆ ಅಪಾಯಕರವಾದ ಕೃತಕ ಬಣ್ಣಗಳು ಸಿಕ್ಕಿದವು. ಮಕ್ಕಳು ತಿನ್ನುವ ಸಕ್ಕರೆಯ ಬಾಂಬೆ ಮಿಠಾಯಿಯ ೨೫ ಮಾದರಿಗಳಲ್ಲಿ ೧೫ ಕೆಟ್ಟವಾಗಿದ್ದವು. ಸಿಕ್ಕಿದ ಬಣ್ಣಗಳಲ್ಲಿ ರೋಡಮೈನ್-ಬಿ ಎಂಬದು ಒಂದು. ಅದು ಬಟ್ಟೆಗೂ ಕಾಗದಕ್ಕೂ ಹಾಕುವ ಬಣ್ಣವೇ ಹೊರತು ಹೊಟ್ಟೆಗೆ ಹಾಕುವದಲ್ಲ. ಆದದರಿಂದ ಅದೇ ವರುಷದ ಮಾರ್ಚಿಯಲ್ಲಿ ಆರೋಗ್ಯ ಮಂತ್ರಿಗಳಾದ ದಿನೇಶ್ ಗುಂಡೂರಾವ್ ಅವರು ಇಂಥ ಬಣ್ಣಗಳನ್ನು ನಿಷೇಧಿಸಿದರು. ಮೀರಿದವರಿಗೆ ೭ ವರುಷದ ವರೆಗೆ ಸೆರೆಯೂ ೧೦ ಲಕ್ಷ ರೂಪಾಯಿಯ ವರೆಗೆ ದಂಡವೂ ಉಂಟೆಂದು ಸಾರಿದರು. ಜೂನ್ ತಿಂಗಳಿನಲ್ಲಿ ಕಬಾಬಿನ ಬಣ್ಣವೂ ನಿಷೇಧವಾಯಿತು. ಗೋಬಿ ಮಂಚೂರಿಯನ್ನೇ ನಿಷೇಧಿಸಿದರೆಂದು ಕೆಲವರು ತಪ್ಪಾಗಿ ತಿಳಿದಿದ್ದಾರೆ. ಹಾಗಲ್ಲ, ಬಣ್ಣವನ್ನು ಮಾತ್ರ.

ನಮ್ಮ ಹಳೇ ತಿನಿಸೆಲ್ಲಾ ಶುದ್ಧವೆಂದು ಹೆಚ್ಚಳಪಡುವದೂ ಸರಿಯಲ್ಲ. ೨೦೨೫ರಲ್ಲಿ ಇದೇ ಇಲಾಖೆಯವರು ಇಡ್ಲಿಯ ಸುಮಾರು ೨೫೦ ಮಾದರಿಗಳನ್ನು ನೋಡಲಾಗಿ, ೫೨ ಕಡೆಗಳಲ್ಲಿ ಬಟ್ಟೆಗೆ ಬದಲಾಗಿ ಪ್ಲಾಸ್ಟಿಕ್ ಹಾಳೆಯ ಮೇಲೆ ಹಿಟ್ಟನ್ನು ಹೊಯ್ದು ಬೇಯಿಸುತ್ತಿದ್ದದ್ದು ಕಂಡುಬಂತು. ಕೆಡಕು ಪರದೇಶದ ಹೆಸರಿನಲ್ಲಿಲ್ಲ. ಲಾಭಕ್ಕಾಗಿಯೂ ಅವಸರಕ್ಕಾಗಿಯೂ ಎಚ್ಚರಿಕೆಯನ್ನು ಬಿಡುವದರಲ್ಲಿದೆ.

ಎಣ್ಣೆಯ ವಿಷಯವಾಗಿ: ಒಂದೇ ಎಣ್ಣೆಯನ್ನು ಬೆಳಗಿನಿಂದ ರಾತ್ರಿಯ ತನಕ ಕಾಯಿಸಿದರೆ ಅದು ಕೆಟ್ಟು ಕಪ್ಪಾಗುತ್ತದೆ, ನೊರೆ ಬರುತ್ತದೆ, ಮೂಗಿಗೆ ಕಮಟು ಹೊಡೆಯುತ್ತದೆ. ಹೀಗೆ ಕೆಟ್ಟ ಅಂಶವು ನೂರಕ್ಕೆ ೨೫ಕ್ಕಿಂತ ಹೆಚ್ಚಾದರೆ ಆ ಎಣ್ಣೆಯನ್ನು ಅಡಿಗೆಗೆ ಉಪಯೋಗಿಸಕೂಡದೆಂಬ ನಿಯಮವು ೨೦೧೮ರ ಜುಲೈಯಿಂದ ದೇಶದಲ್ಲಿ ಉಂಟು. ಇದಲ್ಲದೆ ಅಗ್ಗದ ಕರಿದ ತಿನಿಸಿನಲ್ಲಿ ಬಹುಪಾಲು ತಾಳೆಯ ಎಣ್ಣೆ; ಇದು ಇಂಡೋನೇಶಿಯ, ಮಲೇಶಿಯಗಳಿಂದ ಹಡಗಿನಲ್ಲಿ ಬರುತ್ತದೆ. ನಮ್ಮ ಕರೀ ಭೂಮಿಯ ಕುಸುಬೆ, ಶೇಂಗಾ, ಗುರೆಳ್ಳುಗಳು ಅದರ ಮುಂದೆ ಹಿಂದೆಬೀಳುತ್ತವೆ.

ಹಿಟ್ಟಿನ ವಿಷಯವಾಗಿ: ೧೦೦ ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ ನಾರು ಇರುವದು, ಅಷ್ಟೇ ಮೈದಾದಲ್ಲಿ ೩ ಗ್ರಾಮಿಗಿಂತ ಕಡಿಮೆ. ಕಬ್ಬಿಣದ ಅಂಶವೂ ಜೋಳದಲ್ಲಿ ಮೈದಾಕ್ಕಿಂತ ಇಮ್ಮಡಿ. ಬಾಟಲಿಯಲ್ಲಿ ಬರುವ ಕಪ್ಪು ಪಾನಕವನ್ನು ಕಾಲು ಲೀಟರು ಕುಡಿದರೆ ಸುಮಾರು ಆರು ಚಮಚೆ ಸಕ್ಕರೆಯನ್ನು ತಿಂದ ಹಾಗೆ. ಉಪ್ಪು ದಿನಕ್ಕೆ ೫ ಗ್ರಾಮಿಗಿಂತ ಕಡಿಮೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅಂದರೆ ಒಂದು ಚಿಕ್ಕ ಚಮಚೆ ಮಾತ್ರ.

ಇದರ ಫಲವೇನು? ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ದೊಡ್ಡ ಸಮೀಕ್ಷೆಯ ಪ್ರಕಾರ ದೇಶದಲ್ಲಿ ೧೦ ಕೋಟಿಗಿಂತ ಹೆಚ್ಚು ಜನರಿಗೆ ಸಕ್ಕರೆ ರೋಗವಿದೆ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಸ್ತ್ರೀಯರಲ್ಲಿ ನೂರಕ್ಕೆ ೨೪ ಮಂದಿಯ ದೇಹದ ತೂಕ ಮಿತಿಮೀರಿತ್ತು; ಅದೇ ಸಮೀಕ್ಷೆಯಲ್ಲಿ ನೂರಕ್ಕೆ ೫೭ ಸ್ತ್ರೀಯರಿಗೂ ಐದು ವರುಷದೊಳಗಿನ ನೂರಕ್ಕೆ ೬೭ ಮಕ್ಕಳಿಗೂ ರಕ್ತಹೀನತೆ ಇತ್ತು. ಹೀಗೆ ಬೊಜ್ಜೂ ಬಡಕಲೂ ಒಂದೇ ಓಣಿಯಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ವಾಸಿಸುತ್ತವೆ. ಇದೆಲ್ಲಾ ಬಂಡಿಯಿಂದಲೇ ಬಂತೆಂದು ನಾವು ಹೇಳುವದಿಲ್ಲ. ದುಡಿಮೆಯ ರೀತಿ, ಪಾಲಿಶ್ ಅಕ್ಕಿ, ಬಡತನ ಇವೆಲ್ಲವೂ ಕೂಡಿವೆ. ಆದರೆ ಹೊಟ್ಟೆ ತುಂಬಿಸಿ ದೇಹಕ್ಕೆ ಏನೂ ಕೊಡದ ತಿನಿಸು ಎರಡು ಕೇಡುಗಳನ್ನೂ ಒಟ್ಟಿಗೆ ಬೆಳೆಸುತ್ತದೆ.

೪. ಹೊಲ, ಚೀಲ, ಒಲೆ

ಮೊದಲು ಹೊಲ. ಹಿಂಗಾರಿಯ ಮಾಲದಂಡಿ ಜೋಳವು ಮನುಷ್ಯನಿಗೆ ರೊಟ್ಟಿಯನ್ನೂ ಎತ್ತಿಗೆ ಕಣಿಕೆಯನ್ನೂ ಕೊಡುತ್ತದೆ. ಜೋಳ ತಿನ್ನುವವರು ಕಡಿಮೆಯಾದರೆ ಬಿತ್ತುವವರೂ ಕಡಿಮೆಯಾಗುವರು. ಕಣಿಕೆ ಇಲ್ಲದಿದ್ದರೆ ದನವಿಲ್ಲ, ದನವಿಲ್ಲದಿದ್ದರೆ ಗೊಬ್ಬರವಿಲ್ಲ. ನದಿಯ ದಂಡೆಯಲ್ಲಿ ಕಬ್ಬು ಹಬ್ಬಿದ್ದನ್ನೂ ನೀವು ಕಾಣುತ್ತೀರಿ. ೨೦೧೩ರಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿಯು ಬಡವನ ಹಸಿವನ್ನು ನೀಗಿಸಿತು, ಇದು ದೊಡ್ಡ ಉಪಕಾರ. ಆದರೆ ಜೋಳದ ಊಟವನ್ನು ಅದು ಇನ್ನೂ ಹಿಂದಕ್ಕೆ ತಳ್ಳಿತೆಂಬದೂ ನಿಜ.

ಎರಡನೆಯದು ದುಡ್ಡಿನ ಚೀಲ. ಒಂದು ಮನೆಯಲ್ಲಿ ಇಬ್ಬರು ಮಕ್ಕಳಿರಲಿ. ತಲೆಗೆ ಹತ್ತು ರೂಪಾಯಿಯಂತೆ ದಿನಾಲು ಪಾಕೀಟು ತಿನಿಸು ಕೊಡಿಸಿದರೆ ದಿನಕ್ಕೆ ೨೦, ವರುಷಕ್ಕೆ ೭,೩೦೦ ರೂಪಾಯಿ. ೨೦೨೫-೨೬ನೇ ಸಾಲಿಗೆ ಸರಕಾರವು ಮಾಲದಂಡಿ ಜೋಳಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ ೩,೭೪೯ ರೂಪಾಯಿ. ಆದದರಿಂದ ಹತ್ತು ಹತ್ತು ರೂಪಾಯಿ ಎಂದು ನಾವು ಲೆಕ್ಕಕ್ಕೆ ತಾರದ ಆ ಹಣವು ಹೆಚ್ಚುಕಡಿಮೆ ಎರಡು ಕ್ವಿಂಟಲ್ ಜೋಳದ ಬೆಲೆಯಾಯಿತು!

ಮೂರನೆಯದು ಒಲೆ, ಇದೇ ಕಠಿಣವಾದ ಮಾತು. ತಾಯಂದಿರು ಸೋಮಾರಿಗಳಾದರು, ಆದದರಿಂದ ಮಕ್ಕಳು ಬಂಡಿಗೆ ಹೋಗುತ್ತಾರೆಂದು ಗಂಡಸರು ಕಟ್ಟೆಯ ಮೇಲೆ ಕೂತು ಹೇಳುವದನ್ನು ನಾವು ಕೇಳಿದ್ದೇವೆ. ಇದು ಅನ್ಯಾಯದ ಮಾತು. ಹೆಣ್ಣುಮಗಳು ಮುಂಜಾನೆ ಎದ್ದು ಕಸ ನೀರು ಮುಗಿಸಿ, ದಿನವೆಲ್ಲಾ ಬಗ್ಗಿ ಕಳೆ ತೆಗೆದು, ಹೊತ್ತು ಮುಳುಗಿದ ಮೇಲೆ ಮನೆಗೆ ಬರುತ್ತಾಳೆ. ಆಮೇಲೆ ಎಸರಿಟ್ಟು ಹಿಟ್ಟು ನಾದಿ, ಆರು ಮಂದಿಗೆ ಇಪ್ಪತ್ತು ರೊಟ್ಟಿ ಬಡಿಯಬೇಕು. ಆ ಸಮಯದಲ್ಲಿ ಮಗುವು ಹಸಿದು ಅತ್ತರೆ ಅವಳು ಹತ್ತು ರೂಪಾಯಿ ಕೊಟ್ಟು ಕಳುಹಿಸುವದು ಆಶ್ಚರ್ಯವೋ? ಬಂಡಿಯು ನಮ್ಮ ನಡುವೆ ಗೆದ್ದದ್ದು ರುಚಿಯಿಂದ ಮಾತ್ರವಲ್ಲ. ದಣಿದವಳಿಗೆ ನಾವು ಕೊಡದ ಸಹಾಯವನ್ನು ಅದು ಕೊಟ್ಟದ್ದರಿಂದಲೂ ಗೆದ್ದಿತು.

೫. ಬಂಡಿಯವನ ಮಾತು

ಬಂಡಿಯವನೂ ನಮ್ಮ ನೆರೆಯವನೇ. ನಮಗೆ ಪರಿಚಯವಾದ ಒಬ್ಬ ಯೌವನಸ್ಥನಿಗೆ ಎರಡು ಎಕರೆ ಒಣ ಬೇಸಾಯ. ಅವನು ಪುಣೆಯ ಹೋಟೆಲೊಂದರಲ್ಲಿ ದುಡಿದು ಈ ಅಡಿಗೆಯನ್ನು ಕಲಿತನು; ೨೦೨೦ರ ಲಾಕ್‌ಡೌನಿನಲ್ಲಿ ಕೆಲಸ ಕಳಕೊಂಡು ಊರಿಗೆ ಬಂದು, ಸಾಲ ಮಾಡಿ ಬಂಡಿ ಹಾಕಿದನು. ನಾವು ಬಣ್ಣದ ವಿಷಯವನ್ನೆತ್ತಿದಾಗ ಅವನು ಬೇಸರಪಡದೆ, "ಬಣ್ಣ ಕೆಟ್ಟದ್ದಂತ ನಂಗೂ ಗೊತ್ತದರಿ. ಆದ್ರ ಬೆಳ್ಳಗಿದ್ರ ಯಾರೂ ಕೈ ಹಚ್ಚಂಗಿಲ್ಲ" ಎಂದನು. ನಿಷೇಧ ಬಂದ ಮೇಲೆ ಅವನು ಬ್ಯಾಡಗಿ ಮೆಣಸಿನಕಾಯಿಯನ್ನು ನೆನೆಸಿ ರುಬ್ಬಿ ಹಾಕತೊಡಗಿದನು. ಬ್ಯಾಡಗಿಗೆ ಖಾರ ಕಡಿಮೆ, ಕೆಂಪು ಹೆಚ್ಚು. ಆದರೂ ಮೊದಲಿನ ಹೊಳಪು ಬರಲಿಲ್ಲ. ಗಿರಾಕಿಗಳಲ್ಲಿ ಕೆಲವರು ಪಕ್ಕದ ಬಂಡಿಗೆ ಹೋದರು. ಸಾಲದ ಕಂತು ಮಾತ್ರ ತಪ್ಪಲಿಲ್ಲ. ಈಗಲೂ ಅವನು ಬಣ್ಣ ಹಾಕುವದಿಲ್ಲ; ಈಗಲೂ ಅವನ ವ್ಯಾಪಾರ ಮೊದಲಿನಷ್ಟಿಲ್ಲ.

ವಾಚಕರೇ, ಇಲ್ಲಿ ತಪ್ಪು ಯಾರದು? ಕಾನೂನು ಮಾಡಬೇಕಾದದ್ದನ್ನು ಮಾಡಿತು. ಬಡವನಾದ ಮಾರುವವನು ಅದಕ್ಕೆ ವಿಧೇಯನಾದನು. ಹೊಳಪನ್ನು ಬಯಸಿ ಅವನನ್ನು ಬಿಟ್ಟು ಹೋದವರು ಕೊಳ್ಳುವವರಾದ ನಾವೇ.

೬. ನಾವು ಮಾಡತಕ್ಕದ್ದು

ಮೊದಲನೆಯದಾಗಿ, ಕೊಳ್ಳುವಾಗ ಕಣ್ಣು ತೆರೆದಿರಬೇಕು. ಕುಂಕುಮದಂತೆ ಕೆಂಪಾದದ್ದನ್ನೂ, ಕಪ್ಪಾದ ನೊರೆ ಎಣ್ಣೆಯಲ್ಲಿ ಕರಿದದ್ದನ್ನೂ ಕೊಳ್ಳಕೂಡದು. ಅಚ್ಚಿನ ಮಸಿಯು ಬಿಸಿ ಎಣ್ಣೆಯಲ್ಲಿ ಕರಗಿ ತಿನಿಸಿಗೆ ಇಳಿಯುವದರಿಂದ ವೃತ್ತಪತ್ರಿಕೆಯ ಕಾಗದದಲ್ಲಿ ಕಟ್ಟಿಸಿಕೊಳ್ಳಬಾರದು; ಮನೆಯಿಂದ ಡಬ್ಬಿ ಒಯ್ಯಿರಿ. ಪಾಕೀಟಿನ ಮೇಲೆ ತಾರೀಖನ್ನೂ ಪರವಾನಗಿಯ ೧೪ ಅಂಕೆಗಳನ್ನೂ ನೋಡಿರಿ. ಎಚ್ಚರಿಕೆಯಿಂದ ಮಾಡುವ ಬಂಡಿಯವನನ್ನು ಬಿಡದೆ ಅವನಲ್ಲಿಯೇ ಕೊಳ್ಳಿರಿ.

ಎರಡನೆಯದಾಗಿ, ಶಾಲೆಯ ವಿಷಯ. ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಾದ ತಿನಿಸುಗಳನ್ನು ಶಾಲೆಯ ಬಾಗಿಲಿನಿಂದ ೫೦ ಮೀಟರಿನೊಳಗೆ ಮಾರಕೂಡದೆಂಬ ನಿಯಮವು ೨೦೨೦ರಲ್ಲಿ ಆಗಿರುತ್ತದೆ. ಶಾಲೆಯ ಸಮಿತಿಯಲ್ಲಿರುವವರು ಇದನ್ನು ಮೃದುವಾಗಿ, ಆದರೆ ಬಿಡದೆ, ನೆನಪು ಮಾಡಬೇಕು. ಶಾಲೆಯ ಬಿಸಿಯೂಟವು ನಮ್ಮ ರಾಜ್ಯದಲ್ಲಿ ೨೦೦೨ರಲ್ಲಿ ಆರಂಭವಾದದ್ದು ನಮ್ಮ ಈಶಾನ್ಯದ ಜಿಲ್ಲೆಗಳಲ್ಲಿಯೇ. ಮೊಟ್ಟೆ ಕೊಡುವದೂ ೨೦೨೧ರಲ್ಲಿ ಈ ಕಡೆಯಲ್ಲಿಯೇ ಮೊದಲಾಯಿತು. ಮಕ್ಕಳು ಅದನ್ನು ಬಿಟ್ಟು ಪಾಕೀಟಿಗೆ ಓಡದಂತೆ ನೋಡಿಕೊಳ್ಳೋಣ.

ಮೂರನೆಯದಾಗಿ, ಬೇಗನೆ ಸಿಗುವ ಊಟವೆಲ್ಲಾ ಕೆಟ್ಟದ್ದಲ್ಲ. ಈಗ ನಮ್ಮ ಜಿಲ್ಲೆಯ ಸ್ವಸಹಾಯ ಸಂಘಗಳ ಸ್ತ್ರೀಯರು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಜೋಳದ ರೊಟ್ಟಿಯನ್ನು ಮಾಡಿ ದೂರದ ಪಟ್ಟಣಗಳಿಗೂ ಕಳುಹಿಸುತ್ತಾರೆ. ಕಡಕ್ ರೊಟ್ಟಿಯು ಹಲವು ದಿನ ಕೆಡದೆ ಇರುವದು. ಒಂದು ಓಣಿಯ ನಾಲ್ಕು ಮನೆಯವರು ಕೂಡಿ ವಾರಕ್ಕೊಮ್ಮೆ ರೊಟ್ಟಿ ಮಾಡಿಟ್ಟುಕೊಂಡರೆ, ಹಸಿದ ಮಗುವಿಗೆ ಶೇಂಗಾ ಹಿಂಡಿ ಮೊಸರಿನೊಂದಿಗೆ ಕೊಡಲು ಅರೆಗಳಿಗೆ ಸಾಕು. ಬಂಡಿಗಿಂತಲೂ ಇದೇ ಬೇಗ!

ನಾಲ್ಕನೆಯದಾಗಿ, ಗಂಡಸರಿಗೆ ಒಂದು ಮಾತು. ರೊಟ್ಟಿ ಉಳಿಯಬೇಕಾದರೆ ಅದನ್ನು ಬಡಿಯುವ ಕೈಗಳು ಎರಡಕ್ಕಿಂತ ಹೆಚ್ಚಾಗಬೇಕು. ಹೋಟೆಲಿನಲ್ಲಿ ಸಂಬಳಕ್ಕಾಗಿ ಗಂಡಸು ಅಡಿಗೆ ಮಾಡಬಹುದಾದರೆ, ತನ್ನ ಮನೆಯಲ್ಲಿ ನೀರು ತರುವದೂ ಹಿಟ್ಟು ನಾದುವದೂ ಅವನಿಗೆ ಹೇಗೆ ನಾಚಿಕೆಯಾದೀತು? ನಾವೂ ಇದನ್ನು ಬರೆಯುವ ಮೊದಲು ಪ್ರಯತ್ನಿಸಿ ನೋಡಿದೆವು. ಮೊದಲನೆಯ ದಿನದ ರೊಟ್ಟಿ ಹಂಚಿಗೆ ಹಾಕುವ ಮೊದಲೇ ಹರಿದು ಮೂರು ತುಂಡಾಯಿತು; ಮನೆಯವರು ನಕ್ಕರು. ಆದರೆ ಆ ತುಂಡುಗಳಲ್ಲಿ ಒಂದೂ ಉಳಿಯಲಿಲ್ಲ. ತಂದೆಯು ಬಡಿದದ್ದೆಂದು ಮಕ್ಕಳು ಜಗಳಾಡಿ ತಿಂದರು.

ಅಮಾವಾಸ್ಯೆಯ ದಿನ ಒಮ್ಮೆ ಒಂದು ತಟ್ಟೆ ಮಂಚೂರಿ ತಿಂದರೆ ಯಾವ ಮಗುವೂ ಕೆಡದು. ಆದರೆ ಬುತ್ತಿಯ ಗಂಟು ಬಿಚ್ಚದೆ ಮನೆಗೆ ಮರಳುವದು ದಿನದ ವಾಡಿಕೆಯಾಗಬಾರದು. ಆ ಗಂಟಿನಲ್ಲಿ ಒಬ್ಬ ತಾಯಿಯ ನಿದ್ರೆಯೂ ಒಬ್ಬ ರೈತನ ಹಿಂಗಾರಿಯೂ ಕಟ್ಟಿರುತ್ತವೆ.

ಕೂಡಿ ವಿಚಾರಿಸುವದಕ್ಕೆ ಪ್ರಶ್ನೆಗಳು

೧. ಅಡಿಗೆಮನೆಯು ಕಾರಖಾನೆಯಾದಾಗ ಕೆಲಸದವನಿಗೂ ರೈತನಿಗೂ ಏನಾಗುತ್ತದೆ?
೨. ೨೦೨೪ರಲ್ಲಿ ಸರಕಾರವು ಏನನ್ನು ನಿಷೇಧಿಸಿತು? ಏನನ್ನು ನಿಷೇಧಿಸಲಿಲ್ಲ?
೩. ನಿಮ್ಮ ಮನೆಯಲ್ಲಿ ಒಂದು ತಿಂಗಳು ಪಾಕೀಟಿನ ತಿನಿಸಿಗೆ ಎಷ್ಟು ಹಣ ಹೋಗುತ್ತದೆಂದು ಬರೆದಿಡಿರಿ.
೪. ನಿಮ್ಮ ಊರಿನಲ್ಲಿ ಇಪ್ಪತ್ತು ವರುಷದ ಹಿಂದೆ ಎಷ್ಟು ಹೊಲಕ್ಕೆ ಜೋಳ ಬಿತ್ತುತ್ತಿದ್ದರೆಂದು ಹಿರಿಯರನ್ನು ಕೇಳಿರಿ. ಈಗ ಎಷ್ಟು?
೫. ಬಣ್ಣ ಬಿಟ್ಟ ಬಂಡಿಯವನಿಗೆ ನಷ್ಟವಾಗದಂತೆ ನಾವು ಏನು ಮಾಡಬಹುದು?
೬. ಸಾಯಂಕಾಲದ ಅಡಿಗೆಯಲ್ಲಿ ನಿಮ್ಮ ಮನೆಯ ಗಂಡಸರ ಪಾಲು ಏನು? ಸ್ತ್ರೀಯರೇ ಉತ್ತರ ಹೇಳಲಿ.